ಹುಣಸೆನೀರಿನಲ್ಲಿ ಬೆರೆತ ತೋಟಾಗಳು

ಚಾಮರಾಜಪೇಟೆಯ ಏಕಾಂತಯ್ಯನವರಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಲೇತ್ ಕೆಲಸ ಬಿಟ್ಟು ಹತ್ತು ವರ್ಷವಾದರೂ ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಅಳತೆ ನೋಡುವ ವರ್ನಿಯರ್ ಇಲ್ಲದೆ ಮನೆಯಿಂದ ಹೊರಬೀಳುವವರಲ್ಲ. ನಮ್ಮ ರೈಫಲ್ ಕ್ಲಬ್ಬಿನ ಲೈಸೆನ್ಸಿನಲ್ಲಿ ಖಾಲಿ ತೋಟಾಗಳನ್ನು ಮತ್ತೆ ತುಂಬಿಕೊಡುವ ಕೆಲಸ ಅವರದೇ ಆಗಿತ್ತು. ಗುರಿ ತಪ್ಪುವುದರಲ್ಲೇ ಹೆಸರು ಮಾಡಿದ್ದ ನನಗೆ ಕೊಡುವಾಗ, "ನಿನಗೆ ಯಾವುದಾದ್ರೇನಯ್ಯ, ಮಣ್ಣಿಗೆ ತಾನೆ ಹೊಡೆಯೋದು?" ಎನ್ನುತ್ತಿದ್ದರು.

ಹೇಮಶ್ರೀಯ ತೋಟಾಗಳ ಮಾತೇ ಬೇರೆ. ಮತ್ತಿಕೆರೆಯ ಹುಡುಗಿ, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವಳು. ಗುಂಡು ಹಾರಿದಾಗ ತೋಟಾದ ಹಿತ್ತಾಳೆ ಮೈ ಉಬ್ಬಿ ಆ ರೈಫಲ್ಲಿನ ಒಳಅಳತೆಗೇ ಕೂರುತ್ತದೆ. ಪೂರ್ತಿ ಮೈಯನ್ನು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿದರೆ ಮತ್ತೆ ಯಾವ ರೈಫಲ್ಲಿಗಾದರೂ ಹೋಗುತ್ತದೆ. ಗುಂಡು ಕೂರುವ ಕುತ್ತಿಗೆಯನ್ನಷ್ಟೇ ಒತ್ತಿದರೆ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಅದೊಂದೇ ರೈಫಲ್ಲಿಗೆ ಸರಿಯಾಗಿ ಕೂತು, ಗುರಿ ಇನ್ನಷ್ಟು ಬಿಗಿಯಾಗುತ್ತದೆ. ಹೇಮಶ್ರೀಗೂ ಚಿದಂಬರ ಎಂಬ ಇನ್ನೊಬ್ಬನಿಗೂ ಏಕಾಂತಯ್ಯನವರು ಹೀಗೆ ಕುತ್ತಿಗೆ ಮಾತ್ರ ಒತ್ತಿ ಬೇರೆಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಆಯುಧಪೂಜೆ ಬಂತು. ಪೂಜೆಗೆ ಇಟ್ಟ ಹಿತ್ತಾಳೆ ಮಂಕಾಗಿದ್ದರೆ ಏಕಾಂತಯ್ಯನವರಿಗೆ ಸಮಾಧಾನವೇ? ಎರಡು ಡಬ್ಬಿಯ ಖಾಲಿ ತೋಟಾಗಳನ್ನೂ ಒಂದೇ ಬೇಸಿನ್ನಿಗೆ ಸುರಿದು, ಹುಣಸೆನೀರಿನಲ್ಲಿ ಉಜ್ಜಿ ಉಜ್ಜಿ ಫಳಫಳ ಎನ್ನಿಸಿಬಿಟ್ಟರು. ಯಾರದು ಯಾವುದೆಂಬುದು ಆಮೇಲೆ ನೆನಪಾಯಿತು. ಆಗಲಾದರೂ ಎಲ್ಲದರ ಮೈಯನ್ನೂ ಒತ್ತಿಬಿಟ್ಟಿದ್ದರೆ ಮುಗಿಯುತ್ತಿತ್ತು. ಗುರಿ ಒಂದು ಕೂದಲೆಳೆ ಸಡಿಲವಾದೀತೆಂದು ಅವರಿಗೆ ಮನಸ್ಸಾಗಲಿಲ್ಲ. ವರ್ನಿಯರ್ ಹಿಡಿದು, ತಮ್ಮ ಕಣ್ಣನ್ನೂ ನಂಬಿ ಬೇರ್ಪಡಿಸಿದರು.

ಮುಂದಿನ ವಾರ ರಾಜ್ಯ ತಂಡದ ಆಯ್ಕೆ. ಹೇಮಶ್ರೀಯ ರೈಫಲ್ಲಿಗೆ ಮೂರು ತೋಟಾ ಹೋಗಲೇ ಇಲ್ಲ. ತೋಟಾ ಒಳತಳ್ಳುವ ಬೋಲ್ಟಿನ ಹಿಡಿಯನ್ನು ಅಂಗೈಯಿಂದ ಗುದ್ದಿ ಗುದ್ದಿ ಕೈ ಸೋತು, ಎರಡು ಅಂಕದಲ್ಲಿ ಆಯ್ಕೆ ತಪ್ಪಿತು. ಹಗ್ಗದ ಆಚೆ ನಿಂತಿದ್ದ ಏಕಾಂತಯ್ಯನವರಿಗೆ ಮೊದಲ ಗುದ್ದಿಗೇ ಅರ್ಥವಾಗಿತ್ತು. ಹೊರಗೆ ಬಂದವಳು, "ನನ್ನ ಕೈಯೇ ಸರಿ ಇರ್ಲಿಲ್ವೇನೋ ಅಂಕಲ್" ಎಂದಳು.

"ಮ್ಯಾಚಲ್ಲಿ ಎಂಥೋರಿಗೂ ಹಾಗಾಗತ್ತೆ ಕಣಮ್ಮ," ಅಂದರು ಇವರು.

ಒಂದು ವರ್ಷ ಕಳೆದ ಮೇಲೆ ಅವಳು ರೈಫಲ್ ಮಾರಿ ಕ್ಲಬ್ಬು ಬಿಟ್ಟಳು. ಇವರು ಡೈ ಮುಟ್ಟುವುದನ್ನೇ ನಿಲ್ಲಿಸಿದರು. ಏಕೆಂದು ಕೇಳಿದರೆ ಸಿಡುಕುತ್ತಿದ್ದರು. ಈ ವರ್ಷ ಯುಗಾದಿ ಮರುದಿನ ಶಂಕರಪುರಂನ ನಮ್ಮ ಮನೆಗೆ ಬಂದು ಎಲ್ಲವನ್ನೂ ಹೇಳಿ, "ಅವಳ ಮನೆಗೆ ಕರ್ಕೊಂಡು ಹೋಗಯ್ಯ" ಎಂದರು. ನನಗೆ ಕೋಪ ಬಂತು. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡವರು ಇನ್ನೇನು ಹೇಳುತ್ತಾರೆ? ಆದರೂ ಸ್ಕೂಟರ್ ತೆಗೆದೆ.

ಹೇಮಶ್ರೀ ಈಗ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಕಾಫಿ ತಂದಿಟ್ಟು ಎದುರಿಗೆ ಕೂತಳು. ಏಕಾಂತಯ್ಯನವರು ಲೋಟ ಮುಟ್ಟದೆ ತಪ್ಪೊಪ್ಪಿಕೊಂಡರು.

"ನನಗೆ ಆವತ್ತೇ ಗೊತ್ತಾಯ್ತು ಅಂಕಲ್," ಎಂದಳು ಅವಳು. "ಹೋಗದೇ ಇದ್ದ ತೋಟಾನ ಚಿದಂಬರನ ರೈಫಲ್‌ಗೆ ಹಾಕಿ ನೋಡಿದೆ. ಸಲೀಸಾಗಿ ಹೋಯ್ತು. ಸೋತಿದ್ದಕ್ಕೆ ಬಿಡ್ಲಿಲ್ಲ ನಾನು. ಇವತ್ತು ಹೇಳ್ತೀರಾ, ನಾಳೆ ಹೇಳ್ತೀರಾ ಅಂತ ಒಂದು ವರ್ಷ ಬಂದೆ. ಆಮೇಲೆ ನೀವು ತುಂಬಿದ ತೋಟಾ ಮುಟ್ಟೋಕೆ ಭಯ ಆಯ್ತು."

ಕೆಳಗಿಳಿದು ಬಂದಾಗ ಏಕಾಂತಯ್ಯನವರು ಸ್ಕೂಟರ್ ಹತ್ತದೆ ಅದರ ಸೀಟು ಹಿಡಿದು ನಿಂತರು.

"ವಾರಕ್ಕೆ ಎರಡು ಸಲ ಬರ್ತಿದ್ಲು ಕಣಯ್ಯ," ಎಂದರು. "ನನ್ನ ಪಕ್ಕಾನೇ ಬಂದು ಕೂರ್ತಿದ್ಲು."