ಇಬ್ಬರಿಗೆಂದು ಹಿಡಿದಿಟ್ಟ ಟೇಬಲ್ಲು

ಜಲಜಾಗೆ ಯಾರಿಗೂ 'ಇಲ್ಲ' ಎನ್ನಲು ಬರುವುದಿಲ್ಲ. ಮೈಸೂರಿನಿಂದ ಬಂದು ಸ್ಯಾನ್ ರಮೋನ್‌ನಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದ, ಅದರಲ್ಲಿ ಹದಿನೈದು ವರ್ಷ ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿದ ಈ ಹೆಂಗಸಿನ ಬಗ್ಗೆ ಯಾರನ್ನು ಕೇಳಿದರೂ 'ಪಾಪ, ಬಹಳ ಒಳ್ಳೆಯವರು' ಎನ್ನುತ್ತಾರೆ. ಊರಿಗೆಲ್ಲ ಒಳ್ಳೆಯವರಾಗಿರುವುದು ಪುಕ್ಕಟೆ ಬರುವುದಿಲ್ಲ. ಮನೆಯವರು ಅದಕ್ಕೆ ತೆರುತ್ತಲೇ ಇರುತ್ತಾರೆ. ಮಗಳು ನಿಸರ್ಗಾ ಹೈಸ್ಕೂಲಿನ ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದ ದಿನ, ಜಲಜಾ ಯಾರದೋ ಅತ್ತೆಯನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದಳು. ಆ ಅತ್ತೆಯ ಹೆಸರು ಈಗ ಅವಳಿಗೇ ನೆನಪಿಲ್ಲ.

ನಿಸರ್ಗಾಗೆ ಈಗ ಇಪ್ಪತ್ತೆಂಟು. ಬರ್ಕ್ಲಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಮನೆಗೆ ಮುಕ್ಕಾಲು ಗಂಟೆಯ ದಾರಿ, ಆದರೂ ನಾಲ್ಕು ತಿಂಗಳಿಂದ ಅತ್ತ ತಲೆ ಹಾಕಿರಲಿಲ್ಲ. ಏಪ್ರಿಲ್ ಮೊದಲ ವಾರ ಅವಳೇ ಫೋನು ಮಾಡಿದಳು.

"ಅಮ್ಮಾ, ನಂಗೊಂದು ಸ್ಯಾಟರ್‌ಡೇ ಬೇಕು. ಜಸ್ಟ್ ಅಸ್. ಅಪ್ಪನೂ ಬೇಡ. ಐ ಹ್ಯಾವ್ ಟು ಟೆಲ್ ಯು ಸಮ್‌ಥಿಂಗ್."

"ಏನೇ ಅದು? ಈಗಲೇ ಹೇಳು."

"ನಾಟ್ ಆನ್ ದ ಫೋನ್."

ಜಲಜಾಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ಮಗಳು ತನ್ನೊಬ್ಬಳಿಗೇ ಹೇಳಬೇಕಾದ ಮಾತು ಇಟ್ಟುಕೊಂಡಿದ್ದಾಳೆ! ಎಲ್ಲಿಗೆ ಹೋಗುವುದೆಂದು ಅವಳು ಯೋಚಿಸಬೇಕಾಗಲೇ ಇಲ್ಲ. ಪೆಸಿಫಿಕ್ ಗ್ರೋವ್. ವಿಕ್ಟೋರಿಯಾ ರಾಣಿಯ ಕಾಲದ ಮರದ ಮನೆಗಳು ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಆ ಊರನ್ನು ಆರು ವರ್ಷದ ನಿಸರ್ಗಾ ನೋಡಿ, ಗುಲಾಬಿ ಬಣ್ಣದ ಮನೆಯೊಂದರ ಮುಂದೆ 'ಇದನ್ನೇ ಕೊಡಿಸು' ಎಂದು ರಚ್ಚೆ ಹಿಡಿದಿದ್ದಳು.

ಡೇಕೇರಿನ ಮಕ್ಕಳು ಬಣ್ಣ ಬಳಿದು ಬಿಟ್ಟ ಹಾಳೆಯ ಹಿಂದೆ ಜಲಜಾ ಇಡೀ ದಿನವನ್ನು ಬರೆದಳು. ಎಂಟಕ್ಕೆ ಹೊರಡುವುದು. ಹನ್ನೊಂದಕ್ಕೆ ಸಮುದ್ರದ ದಂಡೆಯಲ್ಲಿ ನಡಿಗೆ; ಏಪ್ರಿಲಿನಲ್ಲಿ ಅಲ್ಲಿ ನೆಲದ ತುಂಬ ನೇರಳೆ ಹೂ ಬಿಟ್ಟಿರುತ್ತದೆ. ಎರಡಕ್ಕೆ ಹಳೆಯ ಮನೆಯಲ್ಲಿ ನಡೆಸುವ ಟೀ ಅಂಗಡಿಯಲ್ಲಿ ಕಿಟಕಿ ಪಕ್ಕದ ಟೇಬಲ್ಲು, ಇಬ್ಬರಿಗೆ. ಫೋನು ಮಾಡಿ ಅದನ್ನು ಹಿಡಿದಿಟ್ಟೂ ಆಯಿತು. ಬುತ್ತಿ ಕಟ್ಟುವುದಿಲ್ಲ, ಒಂದು ಡಬ್ಬಿಯೂ ಇಲ್ಲ. ಈ ದೇಶಕ್ಕೆ ಬಂದ ಮೇಲೆ ಪುಳಿಯೋಗರೆಯಿಲ್ಲದೆ ಅವಳು ಹೊಸಿಲು ದಾಟುವುದು ಇದೇ ಮೊದಲು.

ಆ ವಾರದ ಶುಕ್ರವಾರ ಡಾಕ್ಟರ್ ಸಂಯುಕ್ತಾಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಳು. ತಾಂಬೂಲ ಕೊಡುತ್ತ ಸಂಯುಕ್ತಾ, "ಮುಂದಿನ ಶನಿವಾರ ಏನ್ರೀ ಪ್ರೋಗ್ರಾಮು?" ಎಂದಳು. 'ಏನೋ ಕೆಲಸವಿದೆ' ಎಂದಿದ್ದರೆ ಮುಗಿಯುತ್ತಿತ್ತು. ಜಲಜಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಹೇಳಿದ ಮೇಲೆ, ಎದುರಿಗಿರುವವರನ್ನು ಕರೆಯದಿದ್ದರೆ ಹೇಗೆ? "ನೀವೂ ಬನ್ನಿ" ಎಂದಳು.

ಇದು ಕರೆಯುವ ಕರೆಯಲ್ಲ ಎಂಬುದು ಹಳೇ ಮೈಸೂರಿನ ಮಕ್ಕಳಿಗೂ ಗೊತ್ತು. ಉಣ್ಣುವಾಗ ಬಾಗಿಲಿಗೆ ಬಂದವರಿಗೆ 'ಬನ್ನಿ, ಊಟ ಮಾಡಿ' ಎನ್ನುತ್ತೇವೆ, ಅವರು 'ಈಗ ತಾನೇ ಆಯ್ತು' ಎನ್ನುತ್ತಾರೆ. ಇಬ್ಬರ ಮಾನವೂ ಉಳಿಯುತ್ತದೆ. ಸಂಯುಕ್ತಾ ಮಾತ್ರ, "ಅಯ್ಯೋ, ಬರ್ತೀವ್ರೀ! ಎಷ್ಟ್ ದಿನ ಆಯ್ತು ಎಲ್ಲಾ ಸೇರಿ!" ಎಂದುಬಿಟ್ಟಳು. ಪಕ್ಕದಲ್ಲಿದ್ದ ಇನ್ನಿಬ್ಬರೂ ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ವಾಟ್ಸ್ಯಾಪಿನಲ್ಲಿ ಗ್ರೂಪು ಹುಟ್ಟಿತು, ಹತ್ತೊಂಬತ್ತು ಜನ ಲೆಕ್ಕಕ್ಕೆ ಸಿಕ್ಕರು. ಟೀ ಅಂಗಡಿಯವರು ಅಷ್ಟು ಜನಕ್ಕೆ ಜಾಗವಿಲ್ಲ ಎಂದರು. ಜಲಜಾ ಟೇಬಲ್ಲು ಬಿಟ್ಟುಕೊಟ್ಟು, ನಾಲ್ಕು ಸೇರು ಅಕ್ಕಿ ಅಳೆದಿಟ್ಟಳು.

"ಕ್ಯಾನ್ಸಲ್ ಮಾಡೇ," ಎಂದ ಗಂಡ ಅರವಿಂದ. "ಮಗಳು ಏನೋ ಮಾತಾಡ್ಬೇಕು ಅಂದಿದ್ಲಲ್ಲ."

"ಹೆಂಗ್ರೀ ಹೇಳೋದು? ಏನಂದ್ಕೋತಾರೆ?"

ಮಗಳಿಗೆ ಫೋನಿನಲ್ಲಿ, "ಎಲ್ಲಾ ನಮ್ಮೋರೇ ಅಲ್ವೇನೇ. ಮಧ್ಯದಲ್ಲಿ ಬಿಡುವು ಮಾಡ್ಕೊಂಡು ಮಾತಾಡೋಣ" ಎಂದಳು. "ಓಕೆ ಅಮ್ಮಾ. ಇಟ್ಸ್ ಫೈನ್," ಎಂದಳು ನಿಸರ್ಗಾ. ಫೈನ್ ಎಂದಳಲ್ಲ ಎಂದು ಜಲಜಾ ಸಮಾಧಾನ ಮಾಡಿಕೊಂಡಳು. ನಂಬಬಾರದ ಮಾತನ್ನು ನಂಬುವುದರಲ್ಲಿ ಅವಳಷ್ಟು ಪಳಗಿದವರು ಇನ್ನೊಬ್ಬರಿಲ್ಲ.

ಶನಿವಾರ ಐದು ಕಾರು ಹೋದವು. ಹೆಂಗಸರೆಲ್ಲ ಒಂದು ಕಡೆ, ಹುಡುಗ ಹುಡುಗಿಯರೆಲ್ಲ ಒಂದು ಕಡೆ ಎಂದು ಹಂಚಿಕೊಂಡಾಗ ತಾಯಿ ಮಗಳು ಬೇರೆ ಬೇರೆ ಕಾರಿಗೆ ಬಿದ್ದರು. ಸಮುದ್ರದ ಪಕ್ಕದ ಹುಲ್ಲಿನ ಮೇಲೆ ಜಮಖಾನ ಹಾಸಿದರು. ಕುತ್ತಿಗೆಗೆ ಸ್ಕಾರ್ಫು ಸುತ್ತಿಕೊಂಡಿದ್ದ ನಿಸರ್ಗಾ ನಗುನಗುತ್ತಲೇ ಎಲ್ಲರಿಗೂ ಮೊಸರನ್ನ ಬಡಿಸಿದಳು, ಕೇಳಿದವರಿಗೆಲ್ಲ ಫೋಟೋ ತೆಗೆದುಕೊಟ್ಟಳು. ಜಲಜಾ ಎರಡು ಸಲ ಅವಳ ಹತ್ತಿರ ಹೋದಳು. ಒಂದು ಸಲ ಯಾರೋ ಉಪ್ಪಿನಕಾಯಿ ಕೇಳಿದರು, ಇನ್ನೊಂದು ಸಲ ಯಾರದೋ ಮಗು ಬಿದ್ದು ಅತ್ತಿತು. ಇಬ್ಬರೂ ಒಂದು ಹಳೆಯ ಮನೆಯನ್ನೂ ನೋಡಲಿಲ್ಲ.

ಊಟವಾದ ಮೇಲೆ ಡಬ್ಬಿಗಳಿಗೆ ಮುಚ್ಚಳ ಹಾಕುತ್ತ ಸಂಯುಕ್ತಾ ದನಿ ತಗ್ಗಿಸಿದಳು.

"ನಿಮ್ ಮಗಳು ಗಟ್ಟಿಗಿತ್ತಿ ಕಣ್ರೀ ಜಲಜಾ. ಥೈರಾಯ್ಡ್ ಆಪರೇಷನ್ ಆಗಿ ಮೂರು ತಿಂಗಳೂ ಆಗಿಲ್ಲ, ಹೆಂಗ್ ಓಡಾಡ್ತಿದಾಳೆ ನೋಡಿ. ಗಾಳಿಗೆ ಸ್ಕಾರ್ಫ್ ಸರೀತು, ಗಾಯದ ಗುರುತು ಕಾಣಿಸ್ತು, ಕೇಳ್ದೆ. ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂತಂತಲ್ಲ, ಬಿಡಿ, ದೇವರು ದೊಡ್ಡೋನು."

ಜಲಜಾಳ ಕೈಯಲ್ಲಿದ್ದ ಮುಚ್ಚಳ ಡಬ್ಬಿಗೆ ಕೂರಲೇ ಇಲ್ಲ. ಹೆತ್ತ ಮಗಳ ಕುತ್ತಿಗೆ ಕೊಯ್ದದ್ದು ತನಗೆ ಗೊತ್ತಿರಲಿಲ್ಲ ಎಂದರೆ ಇವಳು ಏನಂದುಕೊಳ್ಳುತ್ತಾಳೆ?

"ಹೂಂ," ಎಂದಳು. "ನಾನೇ ಇದ್ನಲ್ಲ ಜೊತೆಗೆ, ಆಸ್ಪತ್ರೇಲಿ."

ಅಷ್ಟರಲ್ಲಿ ನಿಸರ್ಗಾ ಖಾಲಿ ನೀರಿನ ಬಾಟಲಿ ಹಿಡಿದು ಬಂದಳು. "ಪುಣ್ಯ ಮಾಡಿದ್ದೀಯ ಕಣೇ," ಎಂದಳು ಸಂಯುಕ್ತಾ. "ಆಪರೇಷನ್ ಟೈಮಲ್ಲಿ ಅಮ್ಮ ಪಕ್ಕದಲ್ಲೇ ಇದ್ರಂತೆ."

ನಿಸರ್ಗಾ ತಾಯಿಯನ್ನು ನೋಡಿದಳು. 'ಇಲ್ಲ, ಯಾರೂ ಇರಲಿಲ್ಲ' ಎಂದು ಅವಳು ಅಲ್ಲೇ ಕಿರುಚಿದ್ದರೆ ಜಲಜಾ ಕಾಲು ಹಿಡಿದಾದರೂ ಅತ್ತುಬಿಡುತ್ತಿದ್ದಳು. ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅಚ್ಚ ಕನ್ನಡದಲ್ಲಿ ಹೇಳಿದಳು:

"ಹೌದು, ಅಮ್ಮ ಇದ್ರು."

ಹೇಳಿ ನಕ್ಕಳು. ಹೊರಗಿನವರಿಗೆ ಬೇಜಾರಾಗಬಾರದೆಂದು ನಗುವ ನಗು ಅದು. ಅವಳು ಅದನ್ನು ಸಂಯುಕ್ತಾಳ ಕಡೆಗಲ್ಲ, ಜಲಜಾಳ ಕಡೆಗೆ ತಿರುಗಿ ನಕ್ಕಳು.