ಭುಜ ಇಳಿದ ಅಂಗಿಯ ಸಾಹೇಬ

“ಸಾಹೇಬ್ರೇ, ನಾನು ಹೊಲಿಗೆಯವಳು. ಹದಿನಾಲ್ಕು ವರ್ಷದಿಂದ ನಮ್ಮ ಪೊಲೀಸ್ ಸ್ಟೇಷನ್‌ನವರ ಬಟ್ಟೆ ಹೊಲಿಯೋದು ನಾನೇ. ಅವರು ಬೇರೆ ಏನಕ್ಕೆ ಸುಮ್ಮನಿದ್ರೂ ಭುಜ ಇಳಿದ್ರೆ ಸುಮ್ಮನಿರಲ್ಲ, ಬಿಚ್ಚಿ ಮತ್ತೆ ಹೊಲಿ ಅಂತಾರೆ. ನಿಮ್ಮ ಭುಜದ ಹೊಲಿಗೆ ನಾಲ್ಕು ಬೆರಳು ಜಾರಿ ತೋಳಿಗೆ ಬಂದಿದೆ. ಯಾರದೋ ಅಂಗಿ ಹಾಕ್ಕೊಂಡು ಕೂತಿದ್ದೀರಿ. ಇರಲಿ, ಅಳತೆ ಕೊಟ್ಟು ಹೊಲಿಸಿದ್ರೂ ಅಷ್ಟೇ, ಫೋನಲ್ಲಿ ಯಾರನ್ನೂ ಅರೆಸ್ಟ್ ಮಾಡೋಕಾಗಲ್ಲ. ನರ್ಸಮ್ಮನ್ನ ನಾನೇ ಸ್ಟೇಷನ್‌ಗೆ ಕರ್ಕೊಂಡು ಹೋಗ್ತೀನಿ. ನಿಮ್ಮ ಹೆಸರು ಹೇಳಿ, ಅಲ್ಲೇ ವಿಚಾರಿಸ್ತೀವಿ.”

ಹೀಗೆ ಮಾತಾಡಿದವಳು ನನ್ನ ಸೊಸೆ. ದನಿ ಏರಿಸಲಿಲ್ಲ, ಅಳತೆ ಹೇಳುವ ಹಾಗೆಯೇ ಹೇಳಿದಳು. ರಸ್ತೆ ಮೂಲೆಯಲ್ಲಿ ನಮ್ಮದು ಒಂದೇ ಕೋಣೆಯ ಹೊಲಿಗೆ ಅಂಗಡಿ. ಮಿಷನ್ ಅವಳದು, ಕಾಜಾ ಗುಂಡಿ ನನ್ನ ಪಾಲು.

ಆವತ್ತು ಪಕ್ಕದ ಬೀದಿಯ ನರ್ಸಮ್ಮನಿಗೆ ಕಿಟಕಿ ಪರದೆ ಕೊಡಲು ಇಬ್ಬರೂ ಹೋಗಿದ್ದೆವು. ಅವರು ಆಸ್ಪತ್ರೆಯಿಂದ ನಿವೃತ್ತರಾದವರು, ಗಟ್ಟಿಗಿತ್ತಿ. ಬಾಗಿಲು ಅರ್ಧ ತೆಗೆದು, “ಇಟ್ಟು ಹೋಗಮ್ಮ” ಎಂದರು. ಬಂದವರನ್ನು ಕೂರಿಸದೆ ಕಳಿಸುವವರಲ್ಲ ಅವರು. ನಾನು ಹೊರಟೇಬಿಟ್ಟಿದ್ದೆ, ಸೊಸೆ ಕದಲಲಿಲ್ಲ.

“ಉದ್ದ ನೋಡಿಬಿಡ್ತೀನಿ ನರ್ಸಮ್ಮ. ನಾಳೆ ನೆಲ ಗುಡಿಸ್ತಿದೆ ಅಂತ ನನ್ನನ್ನೇ ಬಯ್ತೀರಿ.”

ಒಳಗೆ ನೀರಿನ ಜಗ್ಗಿಗೆ ಒರಗಿಸಿಟ್ಟ ಫೋನಿನ ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಬಟ್ಟೆಯವನೊಬ್ಬ, “ಯಾರದು? ಕಳಿಸಿ ಅವರನ್ನ” ಎಂದು ಗದರುತ್ತಿದ್ದ. ಮುಖ ಬಿಳಿಚಿದ್ದ ನರ್ಸಮ್ಮ ಪಿಸುದನಿಯಲ್ಲಿ ವಿಷಯ ಹೇಳಿದರು. ಅವರ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆಯಂತೆ. ಯಾರಿಗಾದರೂ ಹೇಳಿದರೆ ಜೈಲಂತೆ. ಜೀವಮಾನದ ಉಳಿತಾಯವನ್ನೆಲ್ಲ ತನಿಖೆಗೆಂದು ಅವನು ಹೇಳಿದ ಖಾತೆಗೆ ಹಾಕಬೇಕಂತೆ. ಪಾಸ್‌ಬುಕ್ಕು ಕೈಚೀಲ ಸೇರಿತ್ತು, ಬ್ಯಾಂಕಿಗೆ ಹೊರಡುವುದೊಂದೇ ಬಾಕಿ.

ಸೊಸೆ ಪರದೆಯನ್ನು ಹೆಗಲಿಗೆ ಹಾಕಿಕೊಂಡು ಫೋನಿನ ಮುಂದೆ ಬಗ್ಗಿ ನೋಡಿದಳು. ಆಗ ಆಡಿದ ಮಾತೇ ಮೇಲೆ ಬರೆದದ್ದು. ಆ ಮಹಾರಾಯ ಹೆಸರು ಹೇಳಲಿಲ್ಲ, ಫೋನು ಕಟ್ಟಾಯಿತು.

ಸ್ಟೇಷನ್‌ನಲ್ಲಿ ದೂರು ಬರೆಸಿ, ಅವನ ನಂಬರ್ ಕೊಟ್ಟು ಬರುವಾಗ ನರ್ಸಮ್ಮ ಸೊಸೆಯ ಕೈ ಹಿಡಿದುಕೊಂಡರು. “ಬೀದೀಲಿ ಹೇಳ್ಬೇಡ ಮಗಳೇ. ಸೂಜಿಗೆ ಹೆದರಬೇಡಿ ಅಂತ ಎಲ್ಲರಿಗೂ ಬುದ್ಧಿ ಹೇಳಿದೋಳು ನಾನು. ನಗ್ತಾರೆ.”

“ನಾನ್ಯಾಕೆ ಹೇಳ್ಲಿ? ಹೇಳೋದು ಬಿಡೋದು ನಿಮಗೆ ಸೇರಿದ್ದು. ಆದ್ರೆ ಅವನು ಇಷ್ಟೊತ್ತಿಗೆ ಇನ್ನೊಬ್ಬರ ಮನೆಗೆ ಫೋನ್ ಮಾಡಿರ್ತಾನೆ.”

ನನ್ನ ನಾಲಿಗೆ ತುರಿಸಿದ್ದು ಸುಳ್ಳಲ್ಲ. ಅವಳು ಮಾತ್ರ ತುಟಿ ಬಿಚ್ಚಲಿಲ್ಲ. ಸೊಸೆಯನ್ನು ಬಾಯಿ ತುಂಬ ಹೊಗಳುವ ಅತ್ತೆಯರು ಕಡಿಮೆ. ನನ್ನನ್ನು ಆ ಕೆಲವೇ ಜನರ ಗುಂಪಿಗೆ ಸೇರಿಸಿಕೊಳ್ಳಿ.

ಹತ್ತು ದಿನ ಕಳೆದು ನರ್ಸಮ್ಮನೇ ಅಂಗಡಿಗೆ ಬಂದು, ಬಟ್ಟೆಗೆ ಕಾಯುತ್ತಿದ್ದವರ ಮಧ್ಯೆ ಬೆಂಚಿನ ಮೇಲೆ ಕೂತರು.

“ನಾನೇ ಮೋಸ ಹೋಗ್ತಿದ್ದೆ, ಕೇಳಿ. ಪೊಲೀಸ್ ಅಂತ ಹೆದರಿಸಿದ್ರೆ ಮೊದಲು ಫೋನ್ ಇಡಿ. ಯಾರಿಗೂ ಹೇಳ್ಬೇಡಿ ಅಂದ್ರೆ ಮನೆಯವರಿಗೆಲ್ಲ ಹೇಳಿ. ಅನುಮಾನ ಇದ್ರೆ ಸ್ಟೇಷನ್‌ಗೇ ಹೋಗಿ ಕೇಳಿ. ದುಡ್ಡು ಮಾತ್ರ ಕಳಿಸ್ಬೇಡಿ.”

ಯಾರೂ ನಗಲಿಲ್ಲ. ಒಬ್ಬಾಕೆ ಅಲ್ಲಿಂದಲೇ ತನ್ನ ಅಪ್ಪನಿಗೆ ಫೋನ್ ಮಾಡಿದಳು. ನನ್ನ ಸೊಸೆ ತಲೆ ಎತ್ತದೆ, ಅಯಸ್ಕಾಂತ ಹಿಡಿದು ನೆಲಕ್ಕೆ ಚೆಲ್ಲಿದ ಗುಂಡುಸೂಜಿಗಳನ್ನು ಎತ್ತುತ್ತಿದ್ದಳು.