ನಾನು ಸಂಕವಾಗಿದ್ದ ನಾಟಕ

ನಿನ್ನೆ ಸಂಜೆ ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ಮನೆಯ ಬಾಗಿಲು ತೆರೆದದ್ದೇ ತಡ, ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ಮಣಿಪಾಲದ ಕಾಲೇಜಿಗೆ ಹೋಗಲೆಂದು ನಮ್ಮಲ್ಲೇ ಉಳಿದುಕೊಂಡಿರುವ ಅಣ್ಣನ ಮಗಳು ಶ್ರಾವ್ಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿತ್ತು.

"ಎಂತ ಆಯ್ತು? ಬಸ್ಸಿನಿಂದ ಬಿದ್ದೆಯಾ?"

"ಇಲ್ಲ ಅತ್ತೆ, ನಾಟಕದ ಪ್ರಾಕ್ಟೀಸು. ನಾನು ಬಾವಿಕಟ್ಟೆ."

ಬಾವಿಕಟ್ಟೆ ಅಂದರೆ ನಾಲ್ಕಾರು ಹುಡುಗಿಯರು ಸುತ್ತಲೂ ಮೊಣಕಾಲೂರಿ ಬಗ್ಗುವುದು, ಅವರ ಬೆನ್ನಿನ ಮೇಲೆ ನಾಯಕಿ ಕೂತು ಹಾಡುವುದು. ನಿಮಗೆ ನಗು ಬರಬಹುದು. ನನಗೆ ಮೈ ಉರಿದು ಹೋಯಿತು. ಯಾಕೆಂದರೆ ನಾನೂ ಒಂದು ಕಾಲದಲ್ಲಿ ನಾಟಕದಲ್ಲಿ ಸಂಕವಾಗಿದ್ದವಳು.

ಊರು ಕಾಪುವಾದರೂ ನಾನು ಓದಿದ್ದು ಕಾರ್ಕಳದಲ್ಲಿ, ಅಜ್ಜಿಯ ಜೊತೆಗಿದ್ದುಕೊಂಡು. ಅಭಿನಯದ ಹುಚ್ಚಿಗೆ ಬಿದ್ದು ನಾಟಕಕ್ಕೆ ಹೆಸರು ಕೊಟ್ಟೆ. ಅಂತರ ಕಾಲೇಜು ಸ್ಪರ್ಧೆಗೆಂದು ಹೊರಗಿನಿಂದ ನಿರ್ದೇಶಕರೊಬ್ಬರನ್ನು ಕರೆಸಿದ್ದರು. ಅವರು ಬಂದವರೇ, "ನಮಗೆ ಪರದೆ ಬೇಡ, ಸಾಮಾನು ಬೇಡ. ಮನುಷ್ಯನ ದೇಹವೇ ರಂಗಸಜ್ಜಿಕೆ," ಎಂದರು. ನಾವೆಲ್ಲ ತಲೆದೂಗಿದೆವು. ಯಾರ ದೇಹ ಅಂತ ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ ನೋಡಿ. ಆಮೇಲೆ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಗಟ್ಟಿ ಇದ್ದಿ. ನೀನು ಸಂಕ," ಎಂದು ತೀರ್ಮಾನಿಸಿದರು. ತೋಡು, ಹಳ್ಳ ದಾಟಲು ಹಾಕುತ್ತಾರಲ್ಲ ಕಾಲುಸೇತುವೆ, ಆ ಸಂಕ. ನಾನು ಕೈ, ಮೊಣಕಾಲು ಊರಿ ಬಗ್ಗಬೇಕು, ನಾಯಕಿ ನನ್ನ ಬೆನ್ನಿನ ಮೇಲೆ ನಿಂತು ಅಗಲಿಕೆಯ ದುಃಖ ಹೇಳಬೇಕು. ಆ ದುಃಖವೋ, ಮಾರಾಯರೇ, ಮುಗಿಯುವ ಜಾತಿಯದ್ದಲ್ಲ. ನಡುನಡುವೆ ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವಳು. ನಿರ್ದೇಶಕರು ಅದನ್ನು ಭಾವ ಎನ್ನುತ್ತಿದ್ದರು.

ಅಭ್ಯಾಸ ಸಿಮೆಂಟು ನೆಲದ ಮೇಲೆ. ಪಕ್ಕದ ಕೋಣೆಯಲ್ಲೇ ಕಬಡ್ಡಿಯ ಮ್ಯಾಟು ಇತ್ತು, ಬೀಗದೊಳಗೆ. ಕೇಳಲು ಹೋದರೆ ಆಟದ ಮೇಷ್ಟ್ರು, "ಅದು ಕ್ರೀಡಾಪಟುಗಳಿಗೆ. ನಿಮಗೆ ಎಂತಕ್ಕೆ? ನೀವು ಡೈಲಾಗು ಹೇಳುವವರಲ್ವಾ?" ಎಂದರು. ಕಬಡ್ಡಿಯವರಿಗೆ ಅಭ್ಯಾಸ ಮುಗಿದ ಮೇಲೆ ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ನಮಗೆ ಚಪ್ಪಾಳೆ, ಅದೂ ಗೆದ್ದರೆ. ನೋವಾಗುತ್ತದೆ ಅಂದರೆ ನಿರ್ದೇಶಕರು, "ಪಾತ್ರ ಒಳಗೆ ಇಳಿಯುತ್ತಾ ಉಂಟು, ಇಳಿಯಲಿ," ಎನ್ನುತ್ತಿದ್ದರು. ಸಂಕಕ್ಕೆ ಎಂತದು ಪಾತ್ರ? ನನಗೆ ಆ ಸಿಟ್ಟು ಇಂದಿಗೂ ಹೋಗಿಲ್ಲ.

ಉಡುಪಿಯಲ್ಲಿ ಸ್ಪರ್ಧೆ. ನಮಗೆ ಬಹುಮಾನವೂ ಬಂತು. ಯಾವುದಕ್ಕೆ ಗೊತ್ತಾ? ಉತ್ತಮ ರಂಗಸಜ್ಜಿಕೆಗೆ. ವೇದಿಕೆಗೆ ಹೋಗಿ ಅದನ್ನು ಸ್ವೀಕರಿಸಿದವರು ನಿರ್ದೇಶಕರು. ರಂಗಸಜ್ಜಿಕೆ ಆಗ ಬಣ್ಣದ ಕೋಣೆಯಲ್ಲಿ ಗೋಡೆ ಹಿಡಿದು ನಿಂತು ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿತ್ತು. ಹಿಂದಿರುಗುವ ಬಸ್ಸು ಹಿರಿಯಡ್ಕದಲ್ಲಿ ಅರ್ಧ ಖಾಲಿಯಾಯಿತು. ಕಂಡಕ್ಟರು, "ಕೂತ್ಕೊಳ್ಳಿ ಅಕ್ಕ, ಇಷ್ಟು ಸೀಟು ಉಂಟಲ್ಲ," ಎಂದರು. ಮೊಣಕಾಲು ಮಡಚಿದರೆ ತಾನೇ ಕೂರುವುದು? ಕಾರ್ಕಳದವರೆಗೆ ನಿಂತೇ ಹೋದೆ. ಈಗಲೂ ಮೆಟ್ಟಿಲಿಳಿಯುವಾಗ ಎಡಗಾಲು ಕಟಕಟ ಅನ್ನುತ್ತದೆ.

ಇದನ್ನೆಲ್ಲ ಶ್ರಾವ್ಯಳಿಗೆ ಹೇಳಿ, "ನಾಳೆಯಿಂದ ಹೋಗುವುದು ಬೇಡ," ಎಂದೆ. ಅವಳು ದಾರಿಯಲ್ಲೇ ಡಾಕ್ಟರಿಗೆ ತೋರಿಸಿ ಬಂದಿದ್ದಳು. ಸದ್ಯ ಮೊಣಕಾಲು ಊರಲೇಬಾರದು, ಊರಿದರೆ ಜೀವನಪೂರ್ತಿ ನೋವು ಅಂದಿದ್ದಾರಂತೆ. ಆದರೂ ಇವಳು ಕಲೆ, ತ್ಯಾಗ ಅಂತ ಭಾಷಣ ಶುರುಮಾಡುತ್ತಾಳೆಂದು ನಾನು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ.

ಅವಳು ಮುಲಾಮಿನ ಮುಚ್ಚಳ ತಿರುಗಿಸುತ್ತಾ ಹೇಳಿದಳು: "ನಾನು ಬಿಟ್ಟರೆ ನನ್ನ ಜಾಗಕ್ಕೆ ಹೆಬ್ರಿಯ ಜೂನಿಯರ್ ಒಬ್ಬಳನ್ನು ಹಾಕ್ತಾರೆ ಅತ್ತೆ. ಅವಳು ಯಾರು ಎಂತ ಹೇಳಿದರೂ ಆಯ್ತು ಅಂತಾಳೆ. ನನಗಿಂತ ಸಪೂರ, ಕಡ್ಡಿಯ ಹಾಗೆ."

ಸರಿ, ಇವಳನ್ನು ಮನೆಯಲ್ಲಿ ಕೂರಿಸಿಕೊಂಡೆ ಎಂದಿಟ್ಟುಕೊಳ್ಳಿ. ಆ ಹೆಬ್ರಿಯ ಹುಡುಗಿ ಬಗ್ಗುತ್ತಾಳೆ, ಅಷ್ಟೇ. ಇಷ್ಟು ಹೊತ್ತು ನಾನು ಬುದ್ಧಿ ಹೇಳುತ್ತಿದ್ದದ್ದು ತಪ್ಪು ಮನುಷ್ಯರಿಗೆ.

"ನಿಮ್ಮ ನಿರ್ದೇಶಕರ ನಂಬರ್ ಕೊಡು."

"ಮರ್ಯಾದೆ ತೆಗೆಯಬೇಡಿ ಅತ್ತೆ," ಎಂದಳು. ಆದರೂ ಕೊಟ್ಟಳು.

ಆ ಕಡೆ ಫೋನು ಎತ್ತಿದವರು, "ಯಾರು ಮಾತಾಡುವುದು?" ಎಂದು ಕೇಳಿದರು.

"ನಮಸ್ಕಾರ. ನಾನು ನಿಮ್ಮ ಬಾವಿಕಟ್ಟೆಯ ಅತ್ತೆ," ಎಂದೆ. "ನಾಳೆ ಪ್ರಾಕ್ಟೀಸಿಗೆ ನಾನೂ ಬರ್ತೇನೆ. ಮೊದಲು ನೀವು ಬಗ್ಗಿ. ನಾನು ಕೂತು ನೋಡ್ತೇನೆ."